ಡ್ರ್ಯಾಗನ್ ಕೊರಿಯಾದ್ದು, ಟಂಕಸಾಲೆ ಒಸಾಕಾದ್ದು

ಕೊರಿಯಾದ ಅಪರೂಪದ ನಾಣ್ಯಗಳನ್ನು ‘ಜಪಾನ್ ಹಿಡಿತದ ಕಾಲದವು’ ಎಂದು ಮಾರುವುದುಂಟು. ಆದರೆ 1910ರ ಆಗಸ್ಟ್‌ನಲ್ಲಿ ಕೊರಿಯಾ ಜಪಾನಿನ ವಸಾಹತಾದ ಮೇಲೆ, 1945ರವರೆಗೆ, ಅಲ್ಲಿ ಓಡಾಡಿದ್ದು ಜಪಾನಿನ ನಾಣ್ಯಗಳು ಮತ್ತು ವಸಾಹತಿನ ಕೇಂದ್ರ ಬ್ಯಾಂಕಾದ ಚೋಸೆನ್ ಬ್ಯಾಂಕಿನ ನೋಟುಗಳು. ಸಂಗ್ರಾಹಕರು ಬೆನ್ನುಹತ್ತುವ ನಾಣ್ಯಗಳು ಬಹುಮಟ್ಟಿಗೆ ಅದಕ್ಕೂ ಹಿಂದಿನವು; ದೇಶ ಹೆಸರಿಗೆ ಸ್ವತಂತ್ರವಾಗಿದ್ದು, ಖಜಾನೆಯ ಕೀಲಿ ಮಾತ್ರ ಬೇರೆಯವರ ಕೈಸೇರಿದ್ದ 1905ರಿಂದ 1910ರವರೆಗಿನವು.

ಶತಮಾನಗಳ ಕಾಲ ಚೌಕ ತೂತಿನ ಎರಕದ ಕಾಸುಗಳಿಂದಲೇ ಕೊರಿಯಾದ ವ್ಯವಹಾರ ನಡೆಯಿತು. 1883ರಲ್ಲಿ ಜೊನ್‌ಹ್ವಾನ್‌ಗುಕ್ ಎಂಬ ಆಧುನಿಕ ಟಂಕಸಾಲೆ ಸ್ಥಾಪನೆಯಾಯಿತು. 1892ರಿಂದ ಬಂದ ಬೆಕ್‌ದೊಂಗ್‌ಹ್ವಾ ಎಂಬ ತಾಮ್ರ-ನಿಕಲ್ ಮಿಶ್ರಲೋಹದ ನಾಣ್ಯದಿಂದ ಗೋಜಲು ಶುರುವಾಯಿತು. ಅದರ ಮುಖಬೆಲೆ 2 ಚೊನ್ 5 ಪುನ್ (10 ಪುನ್‌ಗೆ ಒಂದು ಚೊನ್). ಲೋಹದ ಬೆಲೆ ಅದಕ್ಕಿಂತ ಬಹಳ ಕಡಿಮೆ. ಆ ಅಂತರದ ಲಾಭಕ್ಕಾಗಿ ಸರ್ಕಾರ ಮಿತಿಮೀರಿ ಅಚ್ಚು ಹಾಕಿತು, ಹಣ ಕಟ್ಟಿದ ಖಾಸಗಿಯವರಿಗೂ ಟಂಕಿಸಲು ಅನುಮತಿ ಸಿಕ್ಕಿತು, ಇದರ ಜೊತೆಗೆ ಸಮುದ್ರದಾಚೆಯಿಂದ ಖೋಟಾ ನಾಣ್ಯಗಳೂ ಕಳ್ಳಸಾಗಣೆಯಾಗಿ ಬಂದವು. 1901–02ರ ಇಸವಿ ಹೊತ್ತು, ರಷ್ಯಾದ ಪ್ರಭಾವದಲ್ಲಿ ಹದ್ದಿನ ಚಿತ್ರದೊಂದಿಗೆ ಟಂಕವಾದ ನಾಣ್ಯಗಳು ಸರಿಯಾಗಿ ಚಲಾವಣೆಗೆ ಬರುವ ಮೊದಲೇ ಮರೆಯಾದವು. ಈಗ ಅವು ಕೈಗೆಟುಕುವುದೇ ಅಪರೂಪ.

1904ರಲ್ಲಿ ಜಪಾನಿನ ಮೆಗಾಟಾ ತಾನೆತಾರೊ ಹಣಕಾಸು ಸಲಹೆಗಾರರಾಗಿ ಬಂದರು. ಅದೇ ವರ್ಷ ಜೊನ್‌ಹ್ವಾನ್‌ಗುಕ್ ಮುಚ್ಚಿತು. 1905ರ ಜುಲೈಯಿಂದ ಹಳೆಯ ಬೆಕ್‌ದೊಂಗ್‌ಹ್ವಾಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ ಬದಲಾಯಿಸಲಾಯಿತು. ಮೊದಲ ದರ್ಜೆಗೆ ಹೊಸ ಹಣದಲ್ಲಿ 2.5 ಚೊನ್, ಎರಡನೆಯದಕ್ಕೆ 1 ಚೊನ್, ಮೂರನೆಯದಕ್ಕೆ ಏನೂ ಇಲ್ಲ. ಖೋಟಾ ಹಾವಳಿಗೆ ಕಡಿವಾಣ ಬೇಕಿತ್ತೆಂಬುದು ನಿಜ. ಆದರೆ ನಿನ್ನೆಯವರೆಗೆ ಪೇಟೆಯಲ್ಲಿ ಸಲೀಸಾಗಿ ನಡೆಯುತ್ತಿದ್ದ ನಾಣ್ಯವನ್ನು ನಂಬಿ ಕೂಡಿಟ್ಟ ಸಣ್ಣ ವರ್ತಕನಿಗೆ, ತನ್ನ ಗಲ್ಲಾಪೆಟ್ಟಿಗೆಯಲ್ಲಿದ್ದದ್ದು ಯಾವ ದರ್ಜೆಯದೆಂದು ತಿಳಿದದ್ದು ವಿನಿಮಯದ ಮೇಜಿನ ಮುಂದೆಯೇ. ಕೈಯಲ್ಲಿ ನಗದಿಲ್ಲದೆ ಕೊರಿಯಾದ ಅನೇಕ ವ್ಯಾಪಾರಿಗಳು ದಿವಾಳಿಯಾದರು.

ಹೊಸ ನಾಣ್ಯಗಳು ಟಂಕವಾದದ್ದು ಒಸಾಕಾದಲ್ಲಿ, ಜಪಾನಿನ ನಾಣ್ಯಗಳ ಅಳತೆ-ತೂಕದಲ್ಲೇ. ಬೆಳ್ಳಿಯ ಅರ್ಧ ವೋನ್ (50 ಚೊನ್) ನೋಡಿ: ನಡುವೆ ಸುರುಳಿ ಸುತ್ತಿದ ಡ್ರ್ಯಾಗನ್, ಸುತ್ತ ‘ದೇಹಾನ್’ ಎಂಬ ದೇಶದ ಹೆಸರು ಮತ್ತು ಕೊರಿಯಾದ ಚಕ್ರವರ್ತಿಯ ಆಳ್ವಿಕೆಯ ವರ್ಷ. ಆದರೆ ಜಪಾನ್ ತನ್ನ 50 ಸೆನ್ (ಅರ್ಧ ಯೆನ್) ನಾಣ್ಯವನ್ನು 1906ರಲ್ಲಿ ಹಗುರಗೊಳಿಸಿದ ಮೇಲೆ, 13.48 ಗ್ರಾಂ ಇದ್ದ ಅರ್ಧ ವೋನ್ ಕೂಡ ಸುಮಾರು 10.1 ಗ್ರಾಂಗೆ ಇಳಿಯಿತು. ಕಣ್ಣಿಗೆ ಕಾಣುವುದು ಸಾರ್ವಭೌಮತ್ವ, ತಕ್ಕಡಿ ಹೇಳುವುದು ಅಧೀನತೆ. ಹೊಸಬರು ಎಡವುವುದು ಇಸವಿಯಲ್ಲಿ: 1907ರಲ್ಲಿ ಚಕ್ರವರ್ತಿ ಗೊಜೊಂಗ್ ಪದತ್ಯಾಗ ಮಾಡಬೇಕಾಗಿ ಬಂದದ್ದರಿಂದ, ಅವರ ಆಳ್ವಿಕೆಯ ಶಕೆಯಾದ ಗ್ವಾಂಗ್ಮು 11 ಮತ್ತು ಉತ್ತರಾಧಿಕಾರಿಯ ಶಕೆಯಾದ ಯುಂಗ್ಹಿ 1 ಎರಡೂ ಅದೇ ವರ್ಷವನ್ನು ಸೂಚಿಸುತ್ತವೆ.

ಬೆಲೆಯ ತುದಿಯಲ್ಲಿರುವುದು ಚಿನ್ನ. ನಾಣ್ಯಸೂಚಿಗಳ ಪ್ರಕಾರ 1906ರ 20 ವೋನ್ ಟಂಕವಾದದ್ದು 2,506, ಅದೇ ವರ್ಷದ 10 ವೋನ್ 5,012. ಜನರ ಕೈಯಲ್ಲಿ ಓಡಾಡಿದ್ದು ಬೆಳ್ಳಿ, ನಿಕಲ್, ಕಂಚು ಮತ್ತು ಕಾಗದ. ಚಿನ್ನ ಅವರ ಪಾಲಿಗೆ ಬಂದದ್ದು ತೀರಾ ಕಡಿಮೆ. ಆದ್ದರಿಂದ ಇಲ್ಲಿನ ವಿರಳತೆಯನ್ನು ಕಾಲದ ಸವೆತದ ಲೆಕ್ಕಕ್ಕೆ ಹಾಕುವುದು ತಪ್ಪು. ಅದರ ಬಹುಪಾಲು ಕಡತಗಳಲ್ಲಿ ನಿರ್ಧಾರವಾದದ್ದು. ಈ ಬೆಲೆಯೇ ಇಂದು ನಕಲಿಗಳನ್ನೂ ಹುಟ್ಟಿಸಿದೆ. ಅಸಲಿ 20 ವೋನ್ 16.67 ಗ್ರಾಂ ತೂಗಬೇಕು, ಶೇ 90ರಷ್ಟು ಚಿನ್ನವಿರಬೇಕು. ನಾಣ್ಯದ ಅಸಲಿತನ ಪರೀಕ್ಷಿಸಿ ದರ್ಜೆ ಕೊಡುವ ಸ್ವತಂತ್ರ ಸಂಸ್ಥೆಯ ಪ್ರಮಾಣಪತ್ರವಿಲ್ಲದೆ ಇಂಥದ್ದಕ್ಕೆ ಕೈಹಾಕುವುದು ಸಲ್ಲದು.

ಹರಾಜಿನ ಮುಖಪುಟಕ್ಕೆ ಬೆಕ್‌ದೊಂಗ್‌ಹ್ವಾ ಬರುವುದು ಕಷ್ಟ. ಆದರೂ ಆ ಕಾಲವನ್ನು ಅರಿಯಬಯಸುವ ಸಂಗ್ರಾಹಕರು ಚಿನ್ನಕ್ಕಿಂತ ಮೊದಲು ಅದನ್ನು ಕೊಳ್ಳಬೇಕು. ಖೋಟಾ ಅಚ್ಚಿನದು ಸಿಕ್ಕರೆ ಅದನ್ನೂ ಬಿಡಬಾರದು, ಏಕೆಂದರೆ ಸಾಮಾನ್ಯ ಜನರ ಜೇಬಿನಲ್ಲಿದ್ದದ್ದು ಅದೇ.