ಹಳೆಯ ಬಿಯರ್ ಬಾಟಲಿ ತೊಳೆಯುವ ಮೊದಲು ಓದಿಕೊಳ್ಳಿ

ಕಳೆದ ಮಳೆಗಾಲದಲ್ಲಿ ಬೆಳಗಾವಿ ಕ್ಯಾಂಪಿನ ಹುಡುಗನೊಬ್ಬ ದೊಡ್ಡದೊಂದು ರಟ್ಟಿನ ಡಬ್ಬಿ ಹೊತ್ತುಕೊಂಡು ನನ್ನ ಕೆಲಸದ ಕೋಣೆಗೆ ಬಂದ. ಮನೆಯ ಅಟ್ಟ ಖಾಲಿ ಮಾಡುವಾಗ ಸಿಕ್ಕಿತಂತೆ. ಅವನ ಅಜ್ಜ ಮಿಲಿಟರಿ ಮೆಸ್ಸಿನಲ್ಲಿ ಅಬ್ದಾರರಾಗಿದ್ದವರು. ಸಾಹೇಬರಿಗೆ ಕುಡಿಯಲು ಕೊಡುವ ಕೆಲಸ. ಡಬ್ಬಿಯೊಳಗೆ ಆರು ಬಾಟಲಿ, ಒಂದು ತಗಡಿನ ಟ್ರೇ, ಬಿಸ್ಕತ್ತಿನ ಡಬ್ಬಿ ತುಂಬ ಬೂಚು (ಬಾಟಲಿಯ ತಗಡಿನ ಮುಚ್ಚಳ), ಮತ್ತೆ ಹಳೆಯ ಲೆಕ್ಕದ ವಹಿಯೊಂದರಲ್ಲಿ ಸಾಲಾಗಿ ಅಂಟಿಸಿದ ಬಿಯರ್ ಲೇಬಲ್‌ಗಳು.

"ಸರ, ಭಾಳ ಹೊಲಸ ಆಗ್ಯಾವ. ಸೋಪಿನ ನೀರಾಗ ತೊಳದ ತರ್ಲೇನ್ರಿ?" ಅಂದ.

"ಬ್ಯಾಡೋ ತಮ್ಮಾ. ಮೊದಲ ಓದೂಣು."

ಹಳೆಯ ಕಾಗದ, ಗಾಜು, ಲೋಹದ ಸಾಮಾನು ಕೆಡದ ಹಾಗೆ ಕಾಪಾಡುವುದು ನನ್ನ ಕಸುಬು. ಬಿಯರ್ ಕಾರ್ಖಾನೆಗಳ ಲೇಬಲ್, ಬಾಟಲಿ, ಬೋರ್ಡು, ಬೂಚು ಕೂಡಿಡುವ ಹವ್ಯಾಸಕ್ಕೆ ಹೊರದೇಶಗಳಲ್ಲಿ ಬ್ರೂವೇರಿಯಾನಾ ಅಂತ ಹೆಸರೇ ಇದೆ. ನಮ್ಮ ಕಡೆ ಇದನ್ನು ಮಾಡುವವರು ಮನೆಯಲ್ಲಿ ಸ್ವಲ್ಪ ಮುಚ್ಚಿಟ್ಟೇ ಮಾಡುತ್ತಾರೆ. ಕುಡಿಯುವವನು ಅಂದುಕೊಂಡಾರು ಅನ್ನುವ ಸಂಕೋಚ. ಆ ಸಂಕೋಚ ಬೇಡ. ನಾನು ಕುಡಿಯುವುದಿಲ್ಲ, ಆದರೂ ಒಳ್ಳೆಯ ಲೇಬಲ್ ಕಂಡರೆ ಅರ್ಧ ದಿನ ಅದರ ಮುಂದೆ ಕೂರುತ್ತೇನೆ.

ಯಾಕೆ ಅಂದರೆ ಲೇಬಲ್ ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ಆ ವಹಿಯಲ್ಲಿದ್ದ ಒಂದನ್ನೇ ನೋಡಿ. ವಿಳಾಸದಲ್ಲಿ ಬೆಂಗಳೂರಿನ ಆರು ಅಂಕಿಯ ಪಿನ್ ಕೋಡ್ ಇತ್ತು. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಅದರ ಕೆಳಗೇ 'ಮೈಸೂರು ರಾಜ್ಯ' ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅಲ್ಲಿಗೆ, ಈ ಚೂರು ಕಾಗದ ಅಚ್ಚಾದದ್ದು ಹೆಚ್ಚುಕಮ್ಮಿ ಆ ಹದಿನಾಲ್ಕು ತಿಂಗಳ ಒಳಗೆ. ಬಾಟಲಿಗೆ ಅಂಟಿದ್ದು ಆಮೇಲೂ ಇರಬಹುದು, ಏಕೆಂದರೆ ಅಚ್ಚು ಹಾಕಿಸಿದ್ದು ಮುಗಿಯುವ ತನಕ ಯಾರೂ ಹೊಸದು ಮಾಡಿಸುವುದಿಲ್ಲ, ಅಲ್ವಾ?

ಹೀಗೇ ಇನ್ನೂ ಸುಳಿವುಗಳಿವೆ. ಬೆಲೆ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬರುವುದಕ್ಕೂ ಹಿಂದಿನದು ಅಂತ ಹಿಡಿಯಬಹುದು. ಕಂಪನಿಯ ಹೆಸರನ್ನೂ ನೋಡಿ. ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. ಆ ಹೆಸರಿರುವ ಲೇಬಲ್ ಅದಕ್ಕಿಂತ ಹಳೆಯದು ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ಡಯರ್ ಮೀಕಿನ್ ಅನ್ನುವ ಕಂಪನಿ ಮೋಹನ್ ಮೀಕಿನ್ ಆದದ್ದು 1960ರ ದಶಕದಲ್ಲಿ.

ನಮ್ಮ ಜಿಲ್ಲೆಗೆ ಇನ್ನೊಂದು ವಿಶೇಷ ಇದೆ. 1956ರ ನವೆಂಬರ್ 1ರ ತನಕ ಬೆಳಗಾವಿ, ವಿಜಯಪುರ ಎರಡೂ ಮುಂಬೈ ರಾಜ್ಯದಲ್ಲಿದ್ದವು. ಅಲ್ಲಿ 1949ರ ಪಾನನಿರೋಧ ಕಾಯ್ದೆ ಇತ್ತು. ಮಿಲಿಟರಿ ಮೆಸ್ಸು, ಕ್ಯಾಂಟೀನುಗಳಿಗೆ ವಿನಾಯಿತಿ ಇತ್ತು. ಹಾಗಾಗಿ ಆ ವರ್ಷಗಳ ಬಿಯರ್ ಸಾಮಾನು ಇಲ್ಲಿನ ಮನೆಯೊಂದರಲ್ಲಿ ಸಿಕ್ಕರೆ, ಆ ಮನೆಗೆ ದಂಡಿನ ನಂಟಿತ್ತೇ ಅಂತ ನಾನು ಮೊದಲು ಕೇಳುತ್ತೇನೆ.

ಬಾಟಲಿಯ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ನಮ್ಮಲ್ಲಿ ಬಿಯರ್ ಬಾಟಲಿ ಗುಜರಿ ಅಂಗಡಿಗೆ ಹೋಗುತ್ತದೆ, ಕಾಸ್ಟಿಕ್ ಸೋಡಾದಲ್ಲಿ ತೊಳೆದು ಮತ್ತೆ ತುಂಬಿ ಬರುತ್ತದೆ. ಗಾಜಿನ ಮೇಲೆ ಉಬ್ಬಿದ ಹೆಸರು ಒಂದು, ಲೇಬಲ್ ಮೇಲಿನ ಹೆಸರು ಇನ್ನೊಂದು ಇರುವುದು ಅಪರೂಪವಲ್ಲ. ಅದನ್ನು ಮೋಸ ಅಂದುಕೊಳ್ಳಬೇಡಿ. ಬಾಟಲಿಯ ಭುಜದ ಸುತ್ತ ಮಬ್ಬಾದ ಬಿಳಿ ಪಟ್ಟಿ ಕಂಡರೆ, ಅದು ಕ್ರೇಟಿನಲ್ಲಿ, ಯಂತ್ರದ ಸಾಲಿನಲ್ಲಿ ಪಕ್ಕದ ಬಾಟಲಿಗಳಿಗೆ ತಾಗಿ ತಾಗಿ ಸವೆದ ಗುರುತು. ಎಷ್ಟೋ ಸಲ ತಿರುಗಿ ಬಂದ ಬಾಟಲಿ ಅದು.

ಬೂಚಿನ ಕಥೆ ಸಣ್ಣದು. ವಿಲಿಯಂ ಪೇಂಟರ್ 1892ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಮುಚ್ಚಳ ಇದು. ಮೊದಲು 24 ಹಲ್ಲು ಇರುತ್ತಿತ್ತು, ಈಗ 21. ಒಳಗೆ ಪ್ಲಾಸ್ಟಿಕ್ ಬದಲು ಕಾರ್ಕಿನ ಬಿಲ್ಲೆ ಇದ್ದರೆ ಎತ್ತಿಡಿ. ಕಿತ್ತು ನೋಡಲು ಹೋಗಬೇಡಿ.

ಈಗ ತೊಳೆಯುವ ಮಾತು. ಇದು ನನ್ನ ಎದೆಯಲ್ಲಿ ಉಳಿದಿರುವ ನೋವು. ಕೆಲಸ ಕಲಿಯುವ ದಿನಗಳಲ್ಲಿ ಒಂದು ಬಾಟಲಿಯ ಲೇಬಲ್ ಬಿಡಿಸಲು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದ್ದೆ. ಲೇಬಲ್ ಚೆನ್ನಾಗಿಯೇ ಬಿಟ್ಟುಕೊಂಡಿತು. ಆದರೆ ಅದರ ಮೂಲೆಯಲ್ಲಿ ನೇರಳೆ ಶಾಯಿಯ ರಬ್ಬರ್ ಸ್ಟಾಂಪ್ ಒಂದಿತ್ತು. ಕ್ಯಾಂಪಿನಲ್ಲಿ ಅದನ್ನು ಮಾರಿದ ಅಂಗಡಿಯ ಹೆಸರು. ಆ ಶಾಯಿ ನೀರಿಗೆ ನಿಲ್ಲುವುದಿಲ್ಲ. ನಾನು ನೋಡುತ್ತಿದ್ದಂತೆಯೇ ಬಕೆಟ್ಟಿನ ನೀರು ತೆಳು ನೇರಳೆಯಾಯಿತು. ಅಂಥ ಲೇಬಲ್ ಸಾವಿರಾರು ಅಚ್ಚಾಗಿರುತ್ತವೆ. ಅದು ಬೆಳಗಾವಿಗೆ ಬಂದಿತ್ತು ಅನ್ನಲು ಇದ್ದ ಒಂದೇ ಸಾಕ್ಷಿ ಆ ಸ್ಟಾಂಪು. ಅಂಗಡಿಯ ಹೆಸರನ್ನು ನಾನು ಬರೆದುಕೊಂಡೂ ಇರಲಿಲ್ಲ.

ಅದಕ್ಕೇ ಹೇಳುವುದು, ಮೊದಲು ಎರಡೂ ಬದಿಯ ಫೋಟೋ ತೆಗೆಯಿರಿ. ಧೂಳನ್ನು ಮೆತ್ತನೆಯ ಒಣ ಬ್ರಷ್‌ನಿಂದ ಸರಿಸಿದರೆ ಸಾಕು. ಸೆಲೋಟೇಪು, ಲ್ಯಾಮಿನೇಶನ್ ಎರಡೂ ಬೇಡ. ಅಗ್ಗದ ಪಿವಿಸಿ ಹಾಳೆಯೂ ಬೇಡ, ವರ್ಷಗಳಾದ ಮೇಲೆ ಅದು ಅಂಟಂಟಾಗಿ ಕಾಗದವನ್ನು ಕೆಡಿಸುತ್ತದೆ. ಪಾಲಿಯೆಸ್ಟರ್ ಹಾಳೆ ಕೇಳಿ ತನ್ನಿ. ಹಿತ್ತಾಳೆಯ ಟ್ರೇ, ನಲ್ಲಿಗಳಿದ್ದರೆ ದಯವಿಟ್ಟು ಹುಣಸೆಹಣ್ಣು ಮುಟ್ಟಿಸಬೇಡಿ. ದೇವರ ಸಾಮಾನಿಗೆ ಅದು ಸರಿ. ಇಲ್ಲಿ ಕೊಳೆಯ ಜೊತೆಗೆ ಐವತ್ತು ವರ್ಷದ ಮೈಬಣ್ಣವೂ ಹೋಗುತ್ತದೆ, ಸಣ್ಣ ಅಕ್ಷರಗಳೂ ಸವೆಯುತ್ತವೆ.

ಬೆಳಗಾವಿಯ ಮಳೆ ನಮ್ಮ ದೊಡ್ಡ ಶತ್ರು. ವಿಜಯಪುರದಲ್ಲಿ ಇಪ್ಪತ್ತು ವರ್ಷ ಸುಮ್ನೆ ಗೋಡೆಗೆ ತೂಗಿದ್ದ ಎನಾಮಲ್ ಬೋರ್ಡು ಇಲ್ಲಿಗೆ ಬಂದ ಮೊದಲ ಜುಲೈನಲ್ಲೇ ಅಂಚಿನಲ್ಲಿ ತುಕ್ಕು ಬಿಟ್ಟದ್ದನ್ನು ನೋಡಿದ್ದೇನೆ. ಎನಾಮಲ್ ಅಂದರೆ ಕಬ್ಬಿಣದ ಹಾಳೆಯ ಮೇಲೆ ಸುಮಾರು 800 ಡಿಗ್ರಿ ಶಾಖದಲ್ಲಿ ಕರಗಿಸಿ ಹಿಡಿಸಿದ ಗಾಜು. ಒಂದು ಚಕ್ಕೆ ಎದ್ದರೆ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೋಡೆಗೆ ತೂಗಹಾಕಬೇಡಿ. ಅಲ್ಮೇರಾದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡಿ, ಬಣ್ಣ ತಿರುಗಿದಾಗ ಬದಲಿಸಿ. ಅಂದ ಹಾಗೆ, ಹಳೆಯ ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಉಗುರು ಎಳೆದರೆ ಒಂದು ಬಣ್ಣದಿಂದ ಇನ್ನೊಂದಕ್ಕೆ ಸಣ್ಣ ಮೆಟ್ಟಿಲು ಸಿಗುತ್ತದೆ, ಬಣ್ಣಗಳನ್ನು ಒಂದರ ಮೇಲೊಂದು ಸುಟ್ಟಿರುತ್ತಾರೆ. ಹೊಸ ನಕಲು ಬೋರ್ಡು ಸಾಮಾನ್ಯವಾಗಿ ನುಣುಪಾಗಿರುತ್ತದೆ.

ನೂರು ವರ್ಷ ದಾಟಿದ ವಸ್ತುವನ್ನು ಹೊರದೇಶಕ್ಕೆ ಕಳಿಸುವ ಮುಂಚೆ 1972ರ ಪ್ರಾಚ್ಯವಸ್ತು ಕಾಯ್ದೆಯನ್ನು ವಿಚಾರಿಸಿ. ಕೇಂದ್ರ ಸರ್ಕಾರ, ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಬಿಟ್ಟು ಬೇರೆ ಯಾರೂ ಪ್ರಾಚ್ಯವಸ್ತುವನ್ನು ಹೊರಗೆ ಕಳಿಸುವ ಹಾಗಿಲ್ಲ.

ಆ ಹುಡುಗನ ಟ್ರೇ ಮೇಲೆ ಉದ್ದಕ್ಕೂ ಸಣ್ಣ ಗೀರುಗಳಿದ್ದವು. ಮೆಸ್ಸಿನ ಗ್ಲಾಸುಗಳಿಂದ ಹಾಗೆ ಬೀಳುವುದಿಲ್ಲ. "ನಿಮ್ಮ ಆಯಿ ಅದಾರೇನೋ?" ಅಂತ ಅವನ ಅಜ್ಜಿಯ ವಿಷಯ ಕೇಳಿದೆ. ಇದ್ದಾರೆ ಅಂದ. ಕೇಳಿಕೊಂಡು ಬಾ ಅಂತ ಕಳಿಸಿದೆ. ಮರುವಾರ ಬಂದ. ಇಬ್ಬರೂ ಕೂತು ಪೆನ್ಸಿಲ್‌ನಿಂದ ಕಾರ್ಡು ಬರೆದೆವು: "ಟ್ರೇ, ತಗಡು. ಅಜ್ಜ ಮೆಸ್ಸಿನಿಂದ ನಿವೃತ್ತರಾದಾಗ ತಂದದ್ದು. ಆಮೇಲೆ ಮಾಳಿಗೆಯ ಮೇಲೆ ಶಾವಿಗೆ ಒಣಗಿಸಲು ಬಳಕೆ. ಗೀರುಗಳು ಶಾವಿಗೆ ಎತ್ತುವ ಚಮಚೆಯವು. ಹೇಳಿದವರು ಆಯಿ. ತೊಳೆದಿಲ್ಲ."