ಸಿಂಕ್: ಹಳೆ ವಾಚಿಗೂ ಹೊಸ ಕಂಪ್ಯೂಟರಿಗೂ ಯಾಕೆ ಹೊಂದುವುದಿಲ್ಲ?

'ವಾಚ್ ಸಿಂಕ್ ಆಗ್ತಾ ಇಲ್ಲ' ಅನ್ನೋ ಮಾತು ಈಗ ಮನೆಮನೆಯದು. ಸಿಂಕ್ ಎಂಬುದು ಸಿಂಕ್ರೊನೈಸ್ ಪದದ ಮೊಟಕು ರೂಪ. ಬೇರು ಗ್ರೀಕ್ ಭಾಷೆಯದು: ಸಿನ್ ಅಂದರೆ ಜೊತೆ, ಕ್ರೋನೋಸ್ ಅಂದರೆ ಕಾಲ. ಅಂಗಡಿಯಲ್ಲಿ ಎರಡು ಪುಸ್ತಕದ ಲೆಕ್ಕ ತಾಳೆ ನೋಡುತ್ತಾರಲ್ಲ, ಹಾಗೇ ಎರಡು ಸಾಧನಗಳಲ್ಲಿರುವ ಮಾಹಿತಿಯನ್ನು ತಾಳೆ ಮಾಡುವುದೇ ಸಿಂಕ್. ಪೇರಿಂಗ್ ಬೇರೆ. ಅದರಲ್ಲಿ ಸಾಧನಗಳು ಒಂದನ್ನೊಂದು ಗುರುತು ಹಿಡಿಯುತ್ತವೆ, ಅಷ್ಟೆ.

ಹಳೆಯ ವಾಚು ಸಿಂಕ್ ಆಗದಿದ್ದರೆ ಅದು ಕೆಟ್ಟಿದೆ ಅಂತ ನಾವು ಸುಮ್ನೆ ತೀರ್ಮಾನ ಮಾಡಿಬಿಡುತ್ತೇವೆ. ಎಷ್ಟೋ ಸಲ ವಾಚು ಚೆನ್ನಾಗಿಯೇ ಇರುತ್ತದೆ. ಅದು ಮಾತಾಡುತ್ತಿದ್ದ ದಾರಿ ಮುಚ್ಚಿಹೋಗಿರುತ್ತದೆ.

1994ರಲ್ಲಿ ಬಂದ ಟೈಮೆಕ್ಸ್ ಡೇಟಾಲಿಂಕ್ ವಾಚನ್ನೇ ನೋಡಿ. ಮೈಕ್ರೋಸಾಫ್ಟ್ ಜೊತೆ ಸೇರಿ ಮಾಡಿದ್ದು. ಕಂಪ್ಯೂಟರಿನಲ್ಲಿದ್ದ ಫೋನ್ ನಂಬರು, ಅಪಾಯಿಂಟ್‌ಮೆಂಟು ಎಲ್ಲ ಕೈಗಡಿಯಾರಕ್ಕೆ ಬರುತ್ತಿತ್ತು. ಅದೂ ವೈರಿಲ್ಲದೆ, ಬ್ಲೂಟೂತ್ ಇಲ್ಲದೆ! ವಾಚಿನ ಮುಖದ ಮೇಲೆ ಬೆಳಕು ಗುರುತಿಸುವ ಪುಟ್ಟ ಕಣ್ಣೊಂದಿತ್ತು. ಅದನ್ನು ಮಾನಿಟರಿನ ಎದುರು ಹಿಡಿದರೆ, ಕಪ್ಪು ಪರದೆಯ ಮೇಲೆ ಬಿಳಿ ಅಡ್ಡಗೆರೆಗಳು ಪಟಪಟನೆ ಮಿನುಗುತ್ತಿದ್ದವು. ಆಗಿನದು ದಪ್ಪ ಡಬ್ಬದಂಥ ಸಿಆರ್‌ಟಿ ಮಾನಿಟರು. ಅದರೊಳಗಿನ ಎಲೆಕ್ಟ್ರಾನ್ ಕಿರಣ ಪರದೆಯನ್ನು ಮೇಲಿಂದ ಕೆಳಕ್ಕೆ ಗೆರೆಗೆರೆಯಾಗಿ ಬೆಳಗುತ್ತಿತ್ತು. ಬಿಳಿ ಗೆರೆ ಬಂದಾಗ ಒಂದು ಮಿಂಚು, ಕಪ್ಪು ಇದ್ದಲ್ಲಿ ಕತ್ತಲು. ಈ ಬೆಳಕು-ಕತ್ತಲನ್ನೇ ವಾಚು ಅಕ್ಷರ, ಅಂಕಿಗಳಾಗಿ ಓದಿಕೊಳ್ಳುತ್ತಿತ್ತು. ಎಂಥಾ ಚೆಂದದ ಉಪಾಯ ಅಲ್ವಾ? ಮಾಹಿತಿ ಹೋಗುತ್ತಿದ್ದದ್ದು ಕಂಪ್ಯೂಟರಿನಿಂದ ವಾಚಿಗೆ ಮಾತ್ರ. ಹಾಗಾಗಿ ಇದು ಅರ್ಧ ಸಿಂಕ್ ಅನ್ನಬೇಕು.

ಆಮೇಲೆ ಮೇಜಿನ ಕಂಪ್ಯೂಟರಿಗೂ ಚಪ್ಪಟೆ ಎಲ್‌ಸಿಡಿ ಪರದೆ ಬಂತು. ಅದರಲ್ಲಿ ಗೆರೆ ಎಳೆಯುವ ಕಿರಣವಿಲ್ಲ. ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ, ಚಿತ್ರ ಮೂಡಿಸುವ ಚುಕ್ಕಿಗಳು ಬದಲಾಗುವವರೆಗೂ ಹಾಗೇ ನಿಂತಿರುತ್ತವೆ. ನಮ್ಮ ಕಣ್ಣಿಗೆ ಅದೇ ಗೆರೆ ಕಂಡರೂ ವಾಚಿಗೆ ಮಿಂಚು ಕಾಣುವುದಿಲ್ಲ.

ಕೇಬಲ್ ಇರುವ ವಾಚುಗಳ ತೊಂದರೆ ಬೇರೆ. ಅಲ್ಲಿ ಜಾಸ್ತಿ ಕೈಕೊಡುವುದು ಡ್ರೈವರು, ಅಂದರೆ ಸಾಧನದ ಮಾತನ್ನು ಕಂಪ್ಯೂಟರಿಗೆ ತಿಳಿಸುವ ದುಭಾಷಿ ತಂತ್ರಾಂಶ. ಹಳೆ ಬಗೆಯ 32 ಬಿಟ್ ವಿಂಡೋಸ್‌ಗೆ ಬರೆದ ಡ್ರೈವರು ಈಗಿನ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಕಂಪನಿ ಹೊಸದು ಕೊಡದಿದ್ದರೆ, ಹಳೇ ವಿಂಡೋಸ್ ಇರುವ ಕಂಪ್ಯೂಟರೇ ಗತಿ.

ಡೇಟಾಲಿಂಕ್‌ಗೆ ಮಾತ್ರ ದಾರಿ ಮತ್ತೆ ತೆರೆದಿದೆ. ಲ್ಯಾಪ್‌ಟಾಪಿನಲ್ಲಿ ಆಗಲೂ ಸಿಆರ್‌ಟಿ ಇರಲಿಲ್ಲವಲ್ಲ, ಅದಕ್ಕೇ ಲ್ಯಾಪ್‌ಟಾಪ್ ಇದ್ದವರಿಗೆಂದು ಟೈಮೆಕ್ಸ್ ಆಗಲೇ ಒಂದು ಅಡಾಪ್ಟರ್ ಮಾರುತ್ತಿತ್ತು. ಪರದೆಯ ಬದಲು ಅದರ ಎಲ್‌ಇಡಿ ಮಿನುಗುತ್ತಿತ್ತು. ಈಗ ಹವ್ಯಾಸಿಗಳು ಆರ್ಡುಯಿನೋದಂಥ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಒಂದು ಎಲ್‌ಇಡಿ ಸಿಕ್ಕಿಸಿ ಅದೇ ಕೆಲಸ ಮಾಡಿಸುತ್ತಿದ್ದಾರೆ. ಬೋರ್ಡನ್ನು ಇವತ್ತಿನ ಲ್ಯಾಪ್‌ಟಾಪಿನ ಯುಎಸ್‌ಬಿಗೆ ಚುಚ್ಚಿ, ವಾಚಿನ ಕಣ್ಣನ್ನು ಎಲ್‌ಇಡಿಯ ಎದುರು ಹಿಡಿದರೆ ಸಾಕು, ಮೂವತ್ತು ವರ್ಷದ ಹಿಂದಿನ ವಾಚು ಹೊಸ ಫೋನ್ ನಂಬರುಗಳನ್ನು ಓದಿಕೊಳ್ಳುತ್ತದೆ.