ಒಣಹವೆಯ ಊರಿಗೆ ಯಾವ ಪ್ರಿಂಟರ್?

ಪ್ರಿಂಟರ್ ಕೊಳ್ಳುವವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಪುಟಕ್ಕೆ ಎಷ್ಟು ಬೀಳುತ್ತದೆ ಅಂತ. ಚಳ್ಳಕೆರೆ, ಹಿರಿಯೂರು, ಜಗಳೂರಿನಂಥ ಒಣ ಊರುಗಳಲ್ಲಿ ಇದಕ್ಕೂ ಮೊದಲು ಕೇಳಿಕೊಳ್ಳಬೇಕಾದ್ದು ಒಂದಿದೆ: ವಾರದಲ್ಲಿ ಎಷ್ಟು ದಿನ ಅದು ಸುಮ್ಮನೆ ಕೂರುತ್ತದೆ?

ಇಂಕ್‌ಜೆಟ್ ಅಂದರೆ ಶಾಯಿ ಸಿಂಪಡಿಸುವ ಪ್ರಿಂಟರ್; ಅದರ ನಾಜಲ್ ತೂತು ತಲೆಗೂದಲಿಗಿಂತ ಸಣ್ಣದು. ಶಾಯಿಯಲ್ಲಿ ಬಹುಪಾಲು ನೀರು. ಏಪ್ರಿಲ್ ತಿಂಗಳ ಒಣಗಾಳಿಗೆ ಆ ನೀರು ಆರಿದರೆ ಬಣ್ಣ ಗಟ್ಟಿಯಾಗಿ ತೂತು ಕಟ್ಟುತ್ತದೆ, ಹಾಳೆಯ ಮೇಲೆ ಬಿಳಿ ಗೀರು ಬೀಳುತ್ತದೆ. ಪ್ರಿಂಟರಿನದೇ ಬಟನ್ ಒತ್ತಿ ಆಫ್ ಮಾಡಿದಾಗ ಹೆಡ್ (ನಾಜಲ್‌ಗಳಿರುವ ಭಾಗ) ಮೂಲೆಗೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಪ್ರಿಂಟ್ ನಡುವೆ ಕರೆಂಟ್ ಹೋದರೆ, ಅಥವಾ ಗೋಡೆಯ ಸ್ವಿಚ್ ಆರಿಸಿದರೆ, ಹೆಡ್ ತೆರೆದೇ ಉಳಿಯುತ್ತದೆ. ಕರೆಂಟ್ ಬಂದ ಕೂಡಲೇ ಆನ್ ಮಾಡಿ, ಬಟನ್ನಿನಿಂದಲೇ ಆಫ್ ಮಾಡಿ.

ತೂತು ಕಟ್ಟಿತೆಂದು ಒಂದೇ ಸಮನೆ ಹತ್ತು ಸಲ ಹೆಡ್ ಕ್ಲೀನಿಂಗ್ ಕೊಡಬೇಡಿ. ಪ್ರತಿ ಸಲ ಶಾಯಿ ವೇಸ್ಟ್ ಪ್ಯಾಡ್‌ಗೆ, ಅಂದರೆ ಹೆಚ್ಚುವರಿ ಶಾಯಿ ಹೀರುವ ಒಳಗಿನ ಮೆತ್ತೆಗೆ, ಸುರಿಯುತ್ತದೆ. ಪ್ಯಾಡ್ ತುಂಬಿದರೆ ಪ್ರಿಂಟರೇ ನಿಲ್ಲುತ್ತದೆ. ನಾಜಲ್ ಚೆಕ್ (ಯಾವ ತೂತು ಕಟ್ಟಿದೆ ಎಂದು ತೋರಿಸುವ ಪರೀಕ್ಷಾ ಪುಟ) ತೆಗೆದು ಎರಡು-ಮೂರು ಸಲ ಕ್ಲೀನಿಂಗ್ ಕೊಡಿ, ಆಫ್ ಮಾಡಿ ಒಂದು ರಾತ್ರಿ ಬಿಡಿ. ಒಳಗಿನ ಶಾಯಿ ಗಂಟನ್ನು ನೆನೆಸಿ ಸಡಿಲಿಸುತ್ತದೆ. ಬೆಳಿಗ್ಗೆ ಮತ್ತೆ ಚೆಕ್ ತೆಗೆಯಿರಿ. ವಾರಕ್ಕೊಂದು ಬಣ್ಣದ ಪುಟ ತೆಗೆಯುತ್ತಿದ್ದರೆ ಈ ಕಾಟ ಬಹುತೇಕ ಬರುವುದಿಲ್ಲ.

ಲೇಸರ್‌ನಲ್ಲಿ ಆರಲು ನೀರೇ ಇಲ್ಲ. ಕಿರಣವು ಡ್ರಮ್ ಎಂಬ ಉರುಳೆಯ ಮೇಲೆ ಸ್ಥಿರವಿದ್ಯುತ್ತಿನಲ್ಲಿ ಅಕ್ಷರ ಮೂಡಿಸುತ್ತದೆ, ಪ್ಲಾಸ್ಟಿಕ್ ಪುಡಿಯಾದ ಟೋನರ್ ಅಲ್ಲಿ ಅಂಟಿ ಕಾಗದಕ್ಕೆ ದಾಟುತ್ತದೆ, ಫ್ಯೂಸರ್ ಎಂಬ ಬಿಸಿ ಭಾಗ ಅದನ್ನು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಕಾಗದಕ್ಕೆ ಕರಗಿಸಿ ಒತ್ತುತ್ತದೆ. ಎರಡು ತಿಂಗಳು ಮುಟ್ಟದಿದ್ದರೂ ಮೊದಲ ಪುಟ ಕಪ್ಪಗೆ ಬರುತ್ತದೆ. ಕನ್ನಡಕ್ಕೆ ಇನ್ನೊಂದು ಲಾಭವಿದೆ. ಪಹಣಿಯ ಸಣ್ಣಕ್ಷರದಲ್ಲಿ ‘ಲಕ್ಷ್ಮಮ್ಮ’ ಎಂಬ ಹೆಸರು ನೋಡಿ: ಅಗ್ಗದ ಕಾಗದ ಶಾಯಿ ಹೀರಿ ಹರಡಿದಾಗ ಒತ್ತುಗಳ ಸಂದು ಮುಚ್ಚಿಹೋಗುತ್ತದೆ. ಟೋನರ್ ಕಾಗದದ ಮೇಲೆಯೇ ಕೂರುವುದರಿಂದ ಒಂದೊಂದು ಒತ್ತೂ ಬಿಡಿಯಾಗಿ ಕಾಣುತ್ತದೆ.

ಫ್ಯೂಸರ್ ಕಾಯುವಾಗ ಮಾತ್ರ ನೂರಾರು ವ್ಯಾಟ್ ಎಳೆಯುತ್ತದೆ. ಕಂಪ್ಯೂಟರಿನ 600 ವಿಎ ಯುಪಿಎಸ್‌ಗೆ ಲೇಸರ್ ಜೋಡಿಸಿದರೆ ಅದು ಟ್ರಿಪ್ ಆಗಿ ಕಂಪ್ಯೂಟರನ್ನೂ ಮಲಗಿಸುತ್ತದೆ. ಇಂಕ್‌ಜೆಟ್‌ಗೆ ಸಾಮಾನ್ಯವಾಗಿ 10–20 ವ್ಯಾಟ್ ಸಾಕು. ಯುಪಿಎಸ್ ಮೇಲೆ ನಿಶ್ಚಿಂತೆಯಿಂದ ಓಡುತ್ತದೆ.

ಹಾಗಾಗಿ ದಾವಣಗೆರೆಯ ಕಾಲೇಜು ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಯಂಥ ಬಣ್ಣದ ಕೆಲಸ ದಿನವೂ ಇದ್ದರೆ ಇಂಕ್ ಟ್ಯಾಂಕ್ (ಬಾಟಲಿಯಿಂದ ಶಾಯಿ ತುಂಬುವ ಇಂಕ್‌ಜೆಟ್) ತೆಗೆದುಕೊಳ್ಳಿ. ಅರ್ಜಿ, ಬಿಲ್, ಪಹಣಿ ಮಾತ್ರವಾದರೆ ಕಪ್ಪು-ಬಿಳುಪು ಲೇಸರ್. ತಿಂಗಳಿಗೆ ನಾಲ್ಕು ಪುಟ ತೆಗೆಯುವ ಮನೆಗೂ ಲೇಸರೇ ಸರಿ. ಫೋಟೋ ಬೇಕಾದಾಗ ಸ್ಟುಡಿಯೋಗೆ ಹೋದರಾಯಿತು.

ಲೇಸರ್‌ಗೆ ಧೂಳು ಆಗದು. ಪುಟದ ಉದ್ದಕ್ಕೂ ಒಂದೇ ಚುಕ್ಕೆ ಮತ್ತೆ ಮತ್ತೆ ಬಂದರೆ ಸ್ಕೇಲ್ ಇಟ್ಟು ಅಂತರ ಅಳೆಯಿರಿ. ಸಣ್ಣ ಪ್ರಿಂಟರುಗಳ ಡ್ರಮ್ ಸಾಮಾನ್ಯವಾಗಿ 24 ಮಿ.ಮೀ. ದಪ್ಪ, ಸುತ್ತಳತೆ ಸುಮಾರು 75 ಮಿ.ಮೀ. ಅಂತರ ಅಷ್ಟೇ ಇದ್ದರೆ ಗೀರು ಬಿದ್ದಿರುವುದು ಡ್ರಮ್ಮಿಗೆ. ಟೋನರ್ ಮರುತುಂಬಿಸಿದರೆ ಹೋಗದು, ಡ್ರಮ್ಮನ್ನೇ ಬದಲಿಸಬೇಕು. ಪುಡಿ ಚೆಲ್ಲಿದರೆ ಒಣಬಟ್ಟೆಯಿಂದ ಒರೆಸಿ, ಕೈಯನ್ನು ತಣ್ಣೀರಲ್ಲೇ ತೊಳೆಯಿರಿ. ಬಿಸಿನೀರಿಗೆ ಟೋನರ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ.